ಎಡಕ್ಕೆ ತಿರುಗದ ಸಾಲು: ಪೋರ್ಟ್ ಶಿಕಾಗೋ, 1944

1944ರ ಆಗಸ್ಟ್ 9. ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡ್ ನೌಕಾ ನೆಲೆಯಲ್ಲಿ 328 ನಾವಿಕರು ಸಾಲಾಗಿ ಹೆಜ್ಜೆ ಹಾಕುತ್ತಿದ್ದರು. ಎಲ್ಲರೂ ಕಪ್ಪು ಜನ, ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. 'ಎಡಕ್ಕೆ ತಿರುಗಿ, ಮುಂದೆ ನಡೆಯಿರಿ' ಎಂದು ಬಿಳಿಯ ಅಧಿಕಾರಿ ಕೂಗಿದ. ಎಡಕ್ಕೆ ಹೋದರೆ ಜೆಟ್ಟಿ. ಅಲ್ಲಿ ಸ್ಯಾಂಗೇ ಅನ್ನುವ ಹಡಗು ಮದ್ದುಗುಂಡು ತುಂಬಿಸಿಕೊಳ್ಳಲು ಕಾಯುತ್ತಿತ್ತು.

ಸಾಲು ನಿಂತುಬಿಟ್ಟಿತು. ಯಾರೂ ಕೂಗಾಡಲಿಲ್ಲ, ಅಧಿಕಾರಿಯ ಮೈ ಮುಟ್ಟಲಿಲ್ಲ. ಬೇರೆ ಯಾವ ಕೆಲಸ ಹೇಳಿದರೂ ಮಾಡುತ್ತೇವೆ, ಮದ್ದುಗುಂಡು ಮಾತ್ರ ಎತ್ತುವುದಿಲ್ಲ, ಭಯ ಆಗುತ್ತೆ ಅಂದರು. ಅಮೆರಿಕದ ನೌಕಾಪಡೆ ಇದಕ್ಕೆ ಕೊಟ್ಟ ಹೆಸರು ದಂಗೆ. ಆ ಹೆಸರು ತೆಗೆಯಲು ಅದಕ್ಕೆ 80 ವರ್ಷ ಬೇಕಾಯಿತು.

ಈ ಪ್ರಕರಣದಲ್ಲಿ ನನಗೆ ಕುತೂಹಲ ಇರುವುದು ಒಂದೇ ವಿಷಯದ ಮೇಲೆ. 'ಭಯ' ಅಂತ ಬಾಯಲ್ಲಿ ಹೇಳಿದ ಮಾತು ಕಾಗದದ ಮೇಲೆ 'ದಂಗೆ' ಆಗಿದ್ದು ಹೇಗೆ? ಅದು ತಿಳಿಯಬೇಕಾದರೆ ಆ ಹುಡುಗರು ಮಾಡುತ್ತಿದ್ದ ಕೆಲಸ ಏನು, ಅದನ್ನು ಹೇಗೆ ಮಾಡಿಸುತ್ತಿದ್ದರು ಅನ್ನುವುದನ್ನು ಮೊದಲು ನೋಡಬೇಕು.

ಸಮವಸ್ತ್ರ ತೊಟ್ಟ ಹಮಾಲರು

ಎರಡನೇ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಕಪ್ಪು ಅಮೆರಿಕನ್ನರು ಸೇನೆಯಲ್ಲಿದ್ದರು. ಬಹುಪಾಲು ಜನರ ಕೈಗೆ ಕೊಟ್ಟಿದ್ದು ಬಂದೂಕಲ್ಲ. ಲಾರಿ ಓಡಿಸುವುದು, ರಸ್ತೆ ಹಾಕುವುದು, ಅಡುಗೆ ಮಾಡುವುದು, ಸರಕು ಹೊರುವುದು ಅವರ ಪಾಲಿಗೆ ಬಂದ ಕೆಲಸ. ನೌಕಾಪಡೆಯಲ್ಲಂತೂ 1942ರವರೆಗೆ ಅವರಿಗೆ ಇದ್ದ ಜಾಗ ಒಂದೇ: ಅಧಿಕಾರಿಗಳ ಊಟದ ಮನೆ. ಪರ್ಲ್ ಹಾರ್ಬರ್ ದಾಳಿಯ ದಿನ ವಿಮಾನ ಹೊಡೆಯುವ ಗನ್ ಹಿಡಿದು ಹೋರಾಡಿದ ಡೋರಿಸ್ ಮಿಲ್ಲರ್ ಕೂಡ ಊಟ ಬಡಿಸುವ ಹುಡುಗನೇ. ಆ ಗನ್ ಬಳಸಲು ಅವನಿಗೆ ಯಾರೂ ಕಲಿಸಿರಲಿಲ್ಲ. 1942ರ ಮೇ ತಿಂಗಳಲ್ಲಿ ಅವನಿಗೆ ನೇವಿ ಕ್ರಾಸ್ ಪದಕ ಬಂತು. ಮುಂದಿನ ವರ್ಷದ ನವೆಂಬರ್‌ನಲ್ಲಿ ಅವನಿದ್ದ ಹಡಗು ಮುಳುಗಿ ತೀರಿಕೊಂಡ.

1942ರ ಜೂನ್‌ನಿಂದ ನೌಕಾಪಡೆ ಬೇರೆ ಕೆಲಸಗಳಿಗೂ ಕಪ್ಪು ಹುಡುಗರನ್ನು ಸೇರಿಸಿಕೊಳ್ಳಲು ಶುರು ಮಾಡಿತು. ಇಲಿನಾಯ್ ರಾಜ್ಯದ ಗ್ರೇಟ್ ಲೇಕ್ಸ್ ನೆಲೆಯಲ್ಲಿ ಅವರಿಗೇ ಬೇರೆ ಶಿಬಿರ ಇತ್ತು. ಹಡಗಿನ ಕೆಲಸ ಕಲಿತೆವು, ಇನ್ನು ಸಮುದ್ರಕ್ಕೆ ಹೋಗುತ್ತೇವೆ ಅಂದುಕೊಂಡ ಎಷ್ಟೋ ಜನ ಕೊನೆಗೆ ಬಂದು ಇಳಿದದ್ದು ಪೋರ್ಟ್ ಶಿಕಾಗೋದಲ್ಲಿ.

ಹೆಸರು ನೋಡಿ ಶಿಕಾಗೋ ನಗರ ಅಂದುಕೊಳ್ಳಬೇಡಿ. ಇದು ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಸೂಸನ್ ಕೊಲ್ಲಿಯ ದಡದಲ್ಲಿದ್ದ ಪುಟ್ಟ ಊರು. ಅದರ ಪಕ್ಕದಲ್ಲಿ ನೌಕಾಪಡೆಯ ಮದ್ದುಗುಂಡಿನ ಉಗ್ರಾಣ. 1942ರ ಡಿಸೆಂಬರ್‌ನಿಂದ ಅಲ್ಲಿ ಕೆಲಸ ಶುರುವಾಯಿತು. ರೈಲಿನಲ್ಲಿ ಬಾಂಬು, ಶೆಲ್ಲು ಬರುತ್ತಿದ್ದವು. ಅವನ್ನು ವ್ಯಾಗನ್‌ನಿಂದ ಇಳಿಸಿ ಹಡಗಿನ ಹೊಟ್ಟೆಗೆ ತುಂಬಿಸಬೇಕು. ಪೆಸಿಫಿಕ್ ಸಾಗರದಲ್ಲಿ ಜಪಾನ್ ವಿರುದ್ಧ ಹೋರಾಡುತ್ತಿದ್ದವರಿಗೆ ಮದ್ದುಗುಂಡು ಹೋಗುತ್ತಿದ್ದದ್ದು ಇಂಥ ಜಾಗಗಳಿಂದ. ದಿನಕ್ಕೆ ಮೂರು ಪಾಳಿ, ಹಗಲೂ ರಾತ್ರಿ ಕೆಲಸ.

ಹೊರುವವರೆಲ್ಲ ಕಪ್ಪು ಜನ. ಅಧಿಕಾರಿಗಳೆಲ್ಲ ಬಿಳಿಯರು. ಇದಕ್ಕೆ ಅಪವಾದವೇ ಇರಲಿಲ್ಲ.

ಕಪ್ಪುಹಲಗೆಯ ಮೇಲಿನ ಲೆಕ್ಕ

ಮದ್ದುಗುಂಡು ತುಂಬುವುದು ಅಕ್ಕಿ ಮೂಟೆ ಎಸೆದ ಹಾಗಲ್ಲ. ಬಂದರಿನಲ್ಲಿ ವರ್ಷಗಟ್ಟಲೆ ದುಡಿದವರು ಕೂಡ ಅದಕ್ಕೆ ಕೈ ಹಾಕುವ ಮೊದಲು ಬೇರೆ ಸರಕಿನಲ್ಲಿ ಪಳಗಿರಬೇಕು ಅನ್ನುತ್ತಿದ್ದರು. ಪೋರ್ಟ್ ಶಿಕಾಗೋದ ಹುಡುಗರಿಗೆ ಸ್ಫೋಟಕ ಮುಟ್ಟುವುದು ಹೇಗೆ ಎಂದು ಯಾರೂ ಕಲಿಸಲಿಲ್ಲ. ಅವರ ಮೇಲಿದ್ದ ಅಧಿಕಾರಿಗಳಲ್ಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸುರಕ್ಷತೆಯ ನಿಯಮಗಳ ಪಟ್ಟಿಯನ್ನು ಜೆಟ್ಟಿಯಲ್ಲಿ ಅಂಟಿಸಿದ್ದರು, ಹುಡುಗರು ಮಲಗುವ ಬ್ಯಾರಕ್‌ನಲ್ಲಿ ಅಲ್ಲ. ಅವರಿಗೆ ಅದೆಲ್ಲ ಅರ್ಥವಾಗುವುದಿಲ್ಲ ಅನ್ನುವುದು ಕಮಾಂಡರ್ ಕ್ಯಾಪ್ಟನ್ ಮೆರಿಲ್ ಕಿನ್ನೆಯ ಅಭಿಪ್ರಾಯ.

ಬಂದರು ಕಾರ್ಮಿಕರ ಸಂಘ ಅನುಭವಸ್ಥರನ್ನು ಕಳಿಸಿ ಕೆಲಸ ಕಲಿಸುತ್ತೇವೆ ಅಂದಿತ್ತು. ಖರ್ಚು ಜಾಸ್ತಿ, ಕೆಲಸ ನಿಧಾನ ಆಗುತ್ತೆ ಅಂತ ನೌಕಾಪಡೆ ಒಪ್ಪಲಿಲ್ಲ. ಕೋಸ್ಟ್ ಗಾರ್ಡ್‌ನ ಒಂದು ತಂಡ ಮೇಲ್ವಿಚಾರಣೆಗೆ ಬಂದಿತ್ತು. ಹೀಗೇ ಮಾಡಿದರೆ ಒಂದು ದಿನ ಅನಾಹುತ ಗ್ಯಾರಂಟಿ ಎಂದು ಎಚ್ಚರಿಸಿತು. ಯಾರೂ ಕೇಳದಿದ್ದಾಗ ತನ್ನ ಜನರನ್ನೇ ವಾಪಸ್ ಕರೆಸಿಕೊಂಡಿತು. ಬೇಡ ಅಂದವರು ಹೋದರು, ಕೆಲಸ ಮುಂದುವರಿಯಿತು.

ಇನ್ನು ವೇಗದ ಕಥೆ. ಹಡಗಿನ ಹೊಟ್ಟೆಗೆ ಸರಕು ಇಳಿಸುವ ಬಾಯಿಗೆ ಹ್ಯಾಚ್ ಅನ್ನುತ್ತಾರೆ. ಒಂದು ಹ್ಯಾಚ್‌ಗೆ ಗಂಟೆಗೆ 10 ಟನ್ ಇಳಿಸಬೇಕು ಅನ್ನುವುದು ಮೇಲಿನವರು ಇಟ್ಟ ಗುರಿ. ಯಾವ ತಂಡ ಎಷ್ಟು ತುಂಬಿಸಿತು ಎಂದು ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದರು. ಕಿರಿಯ ಅಧಿಕಾರಿಗಳು ತಮ್ಮ ತಮ್ಮ ತಂಡದ ಮೇಲೆ ಬಾಜಿ ಕಟ್ಟುತ್ತಿದ್ದರು. ಹೌದು, ಬಾಂಬು ಹೊರುವುದರ ಮೇಲೆ ಬಾಜಿ, ನಮ್ಮಲ್ಲಿ ಕಂಬಳದ ಕೋಣಗಳ ಮೇಲೆ ಕಟ್ಟಿದ ಹಾಗೆ. ದೊಡ್ಡ ಅಧಿಕಾರಿ ಬರುತ್ತಿದ್ದಾನೆ ಅಂತ ಗೊತ್ತಾದರೆ ಹುಡುಗರು ನಿಧಾನ ಮಾಡುತ್ತಿದ್ದರು. ಅವನು ಹೋದ ಮೇಲೆ ಮತ್ತೆ ಓಟ. ನಡೆಯುತ್ತಿರುವುದು ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಷ್ಟೆಲ್ಲ ಆಗಿ ಸಿಕ್ಕ ಸರಾಸರಿ ಗಂಟೆಗೆ 8.2 ಟನ್. ಮೇರ್ ಐಲ್ಯಾಂಡ್‌ನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ನುರಿತ ಬಂದರು ಕಾರ್ಮಿಕರ ಸರಾಸರಿ 8.7. ಅಂದರೆ ಯಾರೂ ಏನೂ ಕಲಿಸದ ಈ ಹುಡುಗರು ಪಳಗಿದವರ ಹತ್ತಿರಕ್ಕೆ ಬಂದಿದ್ದರು. ಆ ಕಾಲದ ಅಧಿಕಾರಿಗಳು ಅವರನ್ನು ಸೋಮಾರಿಗಳು, ದಡ್ಡರು ಅನ್ನುತ್ತಿದ್ದ ಮಾತನ್ನು ಈ ಎರಡು ಅಂಕಿ ಪಕ್ಕದಲ್ಲಿಟ್ಟು ಓದಬೇಕು.

ವ್ಯಾಗನ್‌ನಿಂದ ಬಾಂಬುಗಳನ್ನು ಹಲಗೆಯ ಮೇಲೆ ಉರುಳಿಸಿ ಬಿಡುತ್ತಿದ್ದರು. ಕೆಳಗೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದು ಠಣ್ ಅನ್ನುತ್ತಿದ್ದವು. ಭಯವಾಗಿ ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: 'ಡಿಟೊನೇಟರ್ ಇಲ್ಲದೆ ಇವು ಸಿಡಿಯಲ್ಲ.' ನ್ಯೂ ಜರ್ಸಿ ಕಡೆಯ ಜೋ ಸ್ಮಾಲ್ ಅನ್ನುವ ಹುಡುಗ ಭಾರ ಎತ್ತುವ ವಿಂಚ್ ಯಂತ್ರ ಓಡಿಸುತ್ತಿದ್ದ. ಯಾವ ಪಟ್ಟವೂ ಇಲ್ಲದಿದ್ದರೂ ಉಳಿದವರು ಅವನ ಮಾತು ಕೇಳುತ್ತಿದ್ದರು. ಈ ವೇಗ ಅಪಾಯ ಎಂದು ಅವನು ಅಧಿಕಾರಿಗೆ ಹೇಳಿಯೂ ಇದ್ದ.

ರಾತ್ರಿ 10 ಗಂಟೆ 18 ನಿಮಿಷ

ಜುಲೈ 17ರ ರಾತ್ರಿ ಜೆಟ್ಟಿಯ ಒಂದು ಬದಿಗೆ ಇ. ಎ. ಬ್ರಯನ್ ಹಡಗು ನಿಂತಿತ್ತು. ನಾಲ್ಕು ದಿನದಿಂದ ತುಂಬಿಸುತ್ತಿದ್ದರು. ಸುಮಾರು 4,600 ಟನ್ ಆಗಲೇ ಹೊಟ್ಟೆಯಲ್ಲಿತ್ತು. ಒಂದು ಅಂಕಣದಲ್ಲಿ ಸಾವಿರ ಪೌಂಡಿನ ಬಾಂಬು, ಇನ್ನೊಂದರಲ್ಲಿ 40 ಮಿ.ಮೀ. ಶೆಲ್ಲು, ಮತ್ತೊಂದರಲ್ಲಿ ಟಾರ್ಪೆಕ್ಸ್ ತುಂಬಿದ ಡೆಪ್ತ್ ಚಾರ್ಜ್, ಅಂದರೆ ಜಲಾಂತರ್ಗಾಮಿ ಹೊಡೆಯಲು ನೀರಿಗೆ ಎಸೆಯುವ ಬಾಂಬು. ಟಾರ್ಪೆಕ್ಸ್ ಅನ್ನುವುದು ಟಿಎನ್‌ಟಿಗಿಂತ ಬೇಗ ಸಿಡಿಯುವ ವಸ್ತು, ಪೆಟ್ಟು ತಡೆಯದು. ಇನ್ನೊಂದು ಬದಿಗೆ ಹೊಚ್ಚ ಹೊಸ ಕ್ವಿನಾಲ್ಟ್ ವಿಕ್ಟರಿ. ಅದು ತುಂಬಲು ಸಜ್ಜಾಗುತ್ತಿತ್ತು. ಮಧ್ಯದಲ್ಲಿ 16 ವ್ಯಾಗನ್, ಅವುಗಳಲ್ಲಿ ಇನ್ನೂ 430 ಟನ್.

ಆ ದಿನ ವಿಂಚ್ ರಿಪೇರಿಗೆ ಬಂದಿದ್ದ ಕೊಳಾಯಿ ಕೆಲಸಗಾರನೊಬ್ಬ ಆಮೇಲೆ ಸಾಕ್ಷಿ ಹೇಳಿದ. ಅವನು ನೋಡುತ್ತಿದ್ದಾಗಲೇ ಒಂದು ಶೆಲ್ ಎರಡಡಿ ಮೇಲಿಂದ ಮರದ ಜೆಟ್ಟಿಗೆ ಬಿತ್ತಂತೆ. ಸಿಡಿಯಲಿಲ್ಲ. ಇದು ಸರಿಯಿಲ್ಲ ಅನ್ನಿಸಿ, ತನ್ನ ಕೆಲಸ ಮುಗಿಸಿ ಹೊರಟುಬಿಟ್ಟನಂತೆ. ಅವನಿಗೆ ಹೊರಟು ಹೋಗುವ ಅವಕಾಶ ಇತ್ತು.

ರಾತ್ರಿ 10.18ಕ್ಕೆ ಎಲ್ಲವೂ ಸಿಡಿಯಿತು. ಮೊದಲು ಒಂದು ಸಣ್ಣ ಸ್ಫೋಟ, ಆರೇಳು ಸೆಕೆಂಡಿನ ಬಳಿಕ ದೊಡ್ಡದು. ಬ್ರಯನ್ ಚೂರು ಚೂರಾಗಿ ಕಾಣದಂತಾಯಿತು. ಕ್ವಿನಾಲ್ಟ್ ವಿಕ್ಟರಿಯನ್ನು ನೀರಿನಿಂದ ಎತ್ತಿ ತಿರುವಿ ಹಾಕಿತ್ತು, ಹಿಂಭಾಗ ದೂರದಲ್ಲಿ ತಲೆಕೆಳಗಾಗಿ ಬಿದ್ದಿತ್ತು. 9,000 ಅಡಿ ಮೇಲೆ ಹೋಗುತ್ತಿದ್ದ ವಿಮಾನದವರಿಗೆ ಕೆಂಡದಂತೆ ಕಾದ ಲೋಹದ ತುಂಡುಗಳು ಪಕ್ಕದಲ್ಲೇ ಹಾರಿದ್ದು ಕಂಡಿತು. ಸುಮಾರು 700 ಕಿ.ಮೀ. ದೂರದ ನೆವಾಡಾದ ಬೌಲ್ಡರ್ ಸಿಟಿಯಲ್ಲೂ ನಡುಕ ಗೊತ್ತಾಯಿತು. ಊರಿನ ಸಿನಿಮಾ ಮಂದಿರದ ಗೋಡೆ ಒಳಕ್ಕೆ ಬಾಗಿತು.

ಜೆಟ್ಟಿಯಲ್ಲೂ ಹಡಗುಗಳಲ್ಲೂ ಇದ್ದ 320 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ 202 ಮಂದಿ ಕಪ್ಪು ನಾವಿಕರು. ಗುರುತು ಹಿಡಿಯುವಷ್ಟು ಉಳಿದ ದೇಹಗಳು 51 ಮಾತ್ರ. ಗಾಯಗೊಂಡವರು 390. ಇಡೀ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಕಪ್ಪು ಜನರಲ್ಲಿ ಸತ್ತವರು, ಗಾಯಗೊಂಡವರು ಎಷ್ಟೋ, ಅದರ ಶೇ. 15ರಷ್ಟು ಈ ಒಂದೇ ರಾತ್ರಿಯಲ್ಲಿ. ಶತ್ರುವಿನ ಒಂದು ಗುಂಡೂ ಹಾರದ ಜಾಗ ಅದು.

ಇದಕ್ಕೆ ಮೂರು ತಿಂಗಳ ಹಿಂದೆ, ಏಪ್ರಿಲ್ 14ರಂದು, ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಹೀಗೇ ಸಿಡಿದಿತ್ತು. ನಮ್ಮಲ್ಲಿ ಆ ದಿನವನ್ನು ಈಗಲೂ ಅಗ್ನಿಶಾಮಕ ಸೇವಾ ದಿನ ಎಂದು ನೆನೆಯುತ್ತೇವೆ. ಯುದ್ಧದ ಅವಸರಕ್ಕೆ ಜಗತ್ತಿನ ಬೇರೆ ಬೇರೆ ಬಂದರುಗಳು ಒಂದೇ ಥರ ಬೆಲೆ ತೆತ್ತಿವೆ ಅನ್ನಬಹುದು. ಆದರೆ ಪೋರ್ಟ್ ಶಿಕಾಗೋದಲ್ಲಿ ಸ್ಫೋಟದ ಆಚೆಗೂ ಒಂದು ಕಥೆ ಇದೆ.

ಚೂರುಗಳನ್ನು ಆರಿಸಿದವರು

ಮರುದಿನ ಜೆಟ್ಟಿ ಇದ್ದ ಜಾಗವನ್ನು ಸ್ವಚ್ಛ ಮಾಡಲು ಸುಮಾರು 200 ಕಪ್ಪು ನಾವಿಕರು ತಾವಾಗಿಯೇ ಮುಂದೆ ಬಂದರು. ನಿನ್ನೆ ಪಕ್ಕದ ಮಂಚದಲ್ಲಿ ಮಲಗಿದ್ದವರ ಕೈಕಾಲುಗಳನ್ನು ಆರಿಸಿ ಬುಟ್ಟಿಗೆ ಹಾಕಿದರು. ನಾವಿಕರು ಧೈರ್ಯವಾಗಿ, ದಕ್ಷತೆಯಿಂದ ನಡೆದುಕೊಂಡರು ಎಂದು ಆ ಭಾಗದ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕಾರ್ಲ್‌ಟನ್ ರೈಟ್ ಹೊಗಳಿದರು. ಈ ಹೆಸರು ನೆನಪಿರಲಿ.

ಬದುಕಿ ಉಳಿದ ಬಿಳಿಯ ಅಧಿಕಾರಿಗಳಿಗೆ 30 ದಿನ ರಜೆ ಸಿಕ್ಕಿತು. ಇಂಥ ದುರಂತದಲ್ಲಿ ಉಳಿದವರಿಗೆ ರಜೆ ಕೊಡುವುದು ಆಗ ರೂಢಿ. ಕಪ್ಪು ನಾವಿಕರಿಗೆ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದವರಿಗೂ ಸಿಗಲಿಲ್ಲ.

ವಿಚಾರಣಾ ಮಂಡಳಿ ನಾಲ್ಕೇ ದಿನಕ್ಕೆ ಕೂತಿತು. 39 ದಿನ, 125 ಸಾಕ್ಷಿಗಳು. ಅವರಲ್ಲಿ ಕಪ್ಪು ಜನ ಐವರು! ಟನ್ ಲೆಕ್ಕದ ಪೈಪೋಟಿಯ ವಿಷಯ ಬಂತು. ಅಂಥದ್ದೇನೂ ಅಪಾಯ ಇರಲಿಲ್ಲ ಅಂದರು ಮೇಲಿನವರು. ಕಾರಣ ಇಂಥದ್ದೇ ಅಂತ ಮಂಡಳಿಗೆ ಹೇಳಲಾಗಲಿಲ್ಲ, ಆದರೆ ಅಧಿಕಾರಿಗಳ ತಪ್ಪಿಲ್ಲ ಅಂದಿತು, ಒರಟಾಗಿ ಎತ್ತಿ ಇಳಿಸಿದ್ದು ಕಾರಣ ಇರಬಹುದು ಅಂದಿತು. ಒರಟಾಗಿ ಎತ್ತಿ ಇಳಿಸಿದವರು ಯಾರು ಅಂತ ಬೇರೆ ಹೇಳಬೇಕಿರಲಿಲ್ಲ. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ.

ಪರಿಹಾರದ ವಿಷಯದಲ್ಲಿ ಇನ್ನೊಂದು ಸಣ್ಣತನ. ಪ್ರತಿ ಕುಟುಂಬಕ್ಕೆ 5,000 ಡಾಲರ್ ಕೊಡಬೇಕು ಎಂದು ನೌಕಾಪಡೆಯೇ ಕೇಳಿತ್ತು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ ಎಂದು ಗೊತ್ತಾದ ಮೇಲೆ ಮಿಸಿಸಿಪ್ಪಿಯ ಸಂಸದ ಜಾನ್ ರ್‍ಯಾಂಕಿನ್ 2,000ಕ್ಕೆ ಇಳಿಸಿ ಅಂದ. ಕೊನೆಗೆ 3,000ಕ್ಕೆ ಚೌಕಾಸಿ ಮುಗಿಯಿತು.

ಹುಡುಗರನ್ನು ಮೇರ್ ಐಲ್ಯಾಂಡ್‌ಗೆ ಸಾಗಿಸಿದರು. ಸ್ಫೋಟ ಆಗಿ ಮೂರು ವಾರ ಕಳೆದಿತ್ತು. ಅವೇ ಅಧಿಕಾರಿಗಳು, ಅದೇ ಕೆಲಸ, ಹೊಸದಾಗಿ ಕಲಿಸಿದ್ದು ಏನೂ ಇಲ್ಲ. ಆಗ ಬಂದದ್ದು ಆಗಸ್ಟ್ 9.

ದೋಣಿಯಲ್ಲಿ ಮೂರು ದಿನ

ಸಾಲು ನಿಂತ ಮೇಲೆ ಅಧಿಕಾರಿಗಳು, ಪಾದ್ರಿ ಎಲ್ಲರೂ ಬಂದು ಹೇಳಿ ನೋಡಿದರು. 70 ಮಂದಿ ಒಪ್ಪಿದರು. ಉಳಿದ 258 ಜನರನ್ನು ಒಂದು ದೊಡ್ಡ ಚಪ್ಪಟೆ ದೋಣಿಯಲ್ಲಿ ಕೂಡಿ ಹಾಕಿದರು. ಅದರಲ್ಲಿ 75 ಜನಕ್ಕೆ ಮಾತ್ರ ಜಾಗ ಇತ್ತು. ಇಕ್ಕಟ್ಟು, ಸೆಕೆ, ಸಿಟ್ಟು. ಹುಡುಗರ ನಡುವೆ ಜಗಳ ಹತ್ತಿಕೊಳ್ಳುವ ಲಕ್ಷಣ ಕಂಡಾಗ ಜೋ ಸ್ಮಾಲ್ ಎಲ್ಲರನ್ನೂ ಸೇರಿಸಿ ಮಾತಾಡಿದ. ಕಾವಲುಗಾರರ ಮಾತು ಕೇಳಿ, ಗಲಾಟೆ ಬೇಡ, ಒಗ್ಗಟ್ಟಾಗಿದ್ದರೆ ನಮ್ಮನ್ನು ಯಾರೂ ಏನೂ ಮಾಡಲಾಗದು ಅನ್ನುವುದು ಅವನ ಮಾತಿನ ಸಾರ. ಮೂರು ದಿನ ದೊಡ್ಡ ಗಲಾಟೆ ಆಗದೆ ಹೋದದ್ದಕ್ಕೆ ಅವನೇ ಕಾರಣ ಅಂತ ನನಗನ್ನಿಸುತ್ತದೆ. ಇದೇ ಮಾತು ಆಮೇಲೆ ಅವನ ಕೊರಳಿಗೆ ಉರುಳಾಯಿತು.

ಆಗಸ್ಟ್ 11ರಂದು ಅವರನ್ನು ಮೈದಾನಕ್ಕೆ ಕರೆತಂದರು. ಮಾತಾಡಲು ಬಂದವರು ಅದೇ ಅಡ್ಮಿರಲ್ ರೈಟ್. ಪೆಸಿಫಿಕ್‌ನ ಸೈಪಾನ್ ದ್ವೀಪದಲ್ಲಿ ಹೋರಾಡುತ್ತಿರುವವರಿಗೆ ಈ ಮದ್ದುಗುಂಡು ಬೇಕು ಅಂದರು. ಯುದ್ಧಕಾಲದ ದಂಗೆಗೆ ಮರಣದಂಡನೆ ಇದೆ ಅಂದರು. ಮದ್ದುಗುಂಡು ಎತ್ತುವುದು ಅಪಾಯ ನಿಜ, ಆದರೆ ಮರಣದಂಡನೆಯ ಬಂದೂಕುಗಳ ಮುಂದೆ ನಿಲ್ಲುವುದು ಅದಕ್ಕಿಂತ ದೊಡ್ಡ ಅಪಾಯ ಎಂದರು. ಅಲ್ಲಿಯವರೆಗೆ ಆ ಹುಡುಗರಿಗೆ ತಾವು ಮಾಡಿದ್ದು ದಂಗೆ ಎಂಬ ಯೋಚನೆಯೇ ಇರಲಿಲ್ಲ. ದಂಗೆ ಅಂದರೆ ಹಡಗು ಕಿತ್ತುಕೊಳ್ಳುವುದು, ಅಧಿಕಾರಿಯನ್ನು ಕೊಲ್ಲುವುದು ಅಂತ ಅವರು ತಿಳಿದಿದ್ದರು. ನಮಗೂ ದಂಗೆ ಅಂದರೆ 1857 ತಾನೇ ಕಣ್ಣ ಮುಂದೆ ಬರುವುದು?

ಹೆಚ್ಚಿನವರು ಬೆದರಿ ಒಪ್ಪಿದರು. 44 ಮಂದಿ ಒಪ್ಪಲಿಲ್ಲ. ಒಪ್ಪಿಯೂ ಮರುದಿನ ಹಾಜರಾಗದ ಆರು ಜನರನ್ನು ಸೇರಿಸಿ ಲೆಕ್ಕ 50ಕ್ಕೆ ತಂದರು. ಒಪ್ಪಿದ 208 ಜನರನ್ನೂ ಬಿಡಲಿಲ್ಲ. ಆಜ್ಞೆ ಮೀರಿದ್ದಕ್ಕೆ ಅವರಿಗೆ ಮೂರು ತಿಂಗಳ ಸಂಬಳ ಕಡಿತ ಮತ್ತು ಕೆಟ್ಟ ನಡತೆಯ ಹಣೆಪಟ್ಟಿ.

ತಲೆಗೆ ಒಂದೂವರೆ ನಿಮಿಷ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಟ್ರೆಷರ್ ಐಲ್ಯಾಂಡ್‌ನಲ್ಲಿ ಸೆಪ್ಟೆಂಬರ್ 14ರಂದು ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆ, ಶುರುವಾಯಿತು. ಕಟಕಟೆಯಲ್ಲಿ 50 ಜನ, ಎಲ್ಲರ ವಿಚಾರಣೆಯೂ ಒಟ್ಟಿಗೆ. ವಾದ ಇದ್ದದ್ದು ಒಂದು ಪದದ ಅರ್ಥದ ಮೇಲೆ. ಮೇಲಿನವರ ಅಧಿಕಾರವನ್ನು ಕಿತ್ತುಕೊಳ್ಳುವ, ಉರುಳಿಸುವ ಉದ್ದೇಶ ಇದ್ದರೆ ಮಾತ್ರ ದಂಗೆ ಅಂದರು ಪ್ರತಿವಾದಿ ವಕೀಲ ಲೆಫ್ಟಿನೆಂಟ್ ಜೆರಾಲ್ಡ್ ವೆಲ್ಟ್‌ಮನ್. ಇವರು ಬರೀ ಒಂದು ಕೆಲಸ ಒಲ್ಲೆ ಅಂದವರು, ಹೆಚ್ಚೆಂದರೆ ಆಜ್ಞೆ ಮೀರಿದವರು. ಇಬ್ಬರು ಅಥವಾ ಜಾಸ್ತಿ ಜನ ಸೇರಿ ಪಟ್ಟು ಹಿಡಿದು ಕೆಲಸ ನಿಲ್ಲಿಸಿದರೆ ಅಷ್ಟೇ ಸಾಕು ಅಂದರು ಆರೋಪ ಹೊರಿಸಿದ ಜೇಮ್ಸ್ ಕೋಕ್ಲಿ.

ಸಾಕ್ಷ್ಯ ಕೇಳುತ್ತಾ ಹೋದರೆ 'ದಂಗೆ' ತೆಳ್ಳಗಾಗುತ್ತಾ ಹೋಗುತ್ತದೆ. ಹಲವರು ಅಂದರು: 'ಲೋಡ್ ಮಾಡ್ತೀಯಾ ಅಂತ ಕೇಳಿದರು. ಮಾಡು ಅಂತ ಆಜ್ಞೆ ಕೊಡಲೇ ಇಲ್ಲ.' ಆರೋಪಿಗಳಲ್ಲಿ ಒಬ್ಬನ ಮಣಿಕಟ್ಟು ಮುರಿದು ಕೈಗೆ ಪಟ್ಟಿ ಕಟ್ಟಿತ್ತು. ಅವನು ಒಪ್ಪಿದ್ದರೂ ಬಾಂಬು ಎತ್ತಲಾಗುತ್ತಿರಲಿಲ್ಲ. ಇನ್ನಿಬ್ಬರು ಮೈ ಸರಿಯಿಲ್ಲವೆಂದು ಮೊದಲೇ ಅಡುಗೆಮನೆಗೆ ಹಾಕಿದ್ದವರು. ಇವರೆಲ್ಲ ಸೇರಿ ನೌಕಾಪಡೆಯ ಅಧಿಕಾರ ಉರುಳಿಸಲು ಹೊರಟಿದ್ದರಂತೆ.

ಪ್ರೇಕ್ಷಕರ ಸಾಲಿನಲ್ಲಿ 12 ದಿನ ಒಬ್ಬ ಕಪ್ಪು ವಕೀಲ ಕೂತಿದ್ದ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆಯ ಥರ್ಗುಡ್ ಮಾರ್ಷಲ್. ಮುಂದೆ 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಮೊದಲ ಕಪ್ಪು ನ್ಯಾಯಮೂರ್ತಿ ಆದವರು. ಇಲ್ಲಿ ಕಟಕಟೆಯಲ್ಲಿ ಇರುವುದು 50 ಜನ ಅಲ್ಲ, ಕಪ್ಪು ಜನರನ್ನು ಹೀಗೆ ನಡೆಸಿಕೊಳ್ಳುವ ನೌಕಾಪಡೆಯೇ ಎಂದು ಅವರು ಪತ್ರಕರ್ತರಿಗೆ ಹೇಳಿದರು. ಜೆಟ್ಟಿಯಲ್ಲಿ ಹೊರುವವರೆಲ್ಲ ಕಪ್ಪು ಜನರೇ ಯಾಕೆ, ಕೆಲಸ ಯಾಕೆ ಕಲಿಸಲಿಲ್ಲ, ಬಾಜಿ ಕಟ್ಟಿದವರು ಎಲ್ಲಿದ್ದಾರೆ ಅನ್ನುವುದು ಅವರ ಪ್ರಶ್ನೆ.

ಅಕ್ಟೋಬರ್ 24ರಂದು ಏಳು ಅಧಿಕಾರಿಗಳ ನ್ಯಾಯಪೀಠ ಎದ್ದು ಒಳಗೆ ಹೋಯಿತು. ಸುಮಾರು 80 ನಿಮಿಷದಲ್ಲಿ ವಾಪಸ್ ಬಂತು. ಐವತ್ತೂ ಜನ ತಪ್ಪಿತಸ್ಥರು. ಭಾಗಿಸಿ ನೋಡಿದರೆ ತಲೆಗೆ ಒಂದೂವರೆ ನಿಮಿಷ. ಮೊದಲು ಎಲ್ಲರಿಗೂ 15 ವರ್ಷ ಕಠಿಣ ಸಜೆ ಅಂದರು. ಆಮೇಲೆ ರೈಟ್ ಅವರೇ ಅದನ್ನು ಪರಿಶೀಲಿಸಿ 40 ಜನರ ಶಿಕ್ಷೆ ಕಡಿಮೆ ಮಾಡಿದರು. ಜೋ ಸ್ಮಾಲ್ ಸೇರಿ ಹತ್ತು ಜನರಿಗೆ 15 ವರ್ಷವೇ ಉಳಿಯಿತು.

ಆಮೇಲೆ

ಮಾರ್ಷಲ್ ಮೇಲ್ಮನವಿ ಹಾಕಿದರು. 1945ರಲ್ಲಿ ಅದೂ ಬಿದ್ದುಹೋಯಿತು. ಅಷ್ಟರಲ್ಲಿ ಸುದ್ದಿ ದೇಶದಲ್ಲೆಲ್ಲ ಹರಡಿತ್ತು. ಹೊರಗೆ ಹಿಟ್ಲರ್ ಮೇಲೆ ಗೆಲುವು, ಒಳಗೆ ವರ್ಣಭೇದದ ಮೇಲೆ ಗೆಲುವು ಎಂದು ಕಪ್ಪು ಜನರ ಪತ್ರಿಕೆಗಳು 1942ರಿಂದ 'ಎರಡು ಗೆಲುವು' ಅನ್ನುವ ಚಳವಳಿ ನಡೆಸುತ್ತಿದ್ದವು. ಅವುಗಳಿಗೆ ಈ ಪ್ರಕರಣ ಕೈಗೆ ಸಿಕ್ಕ ಪುರಾವೆ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಕೂಡ ನೌಕಾ ಕಾರ್ಯದರ್ಶಿ ಜೇಮ್ಸ್ ಫಾರೆಸ್ಟಲ್‌ಗೆ ಬರೆದರು. ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ, 50ರಲ್ಲಿ 47 ಜನರನ್ನು ಸದ್ದಿಲ್ಲದೆ ಜೈಲಿನಿಂದ ಬಿಟ್ಟರು. ತೀರ್ಪು ಮಾತ್ರ ಹಾಗೇ ಉಳಿಯಿತು.

ಈ ನಡುವೆ ಮದ್ದುಗುಂಡು ಹೊರುವ ಕೆಲಸಕ್ಕೆ ಬಿಳಿಯ ನಾವಿಕರನ್ನೂ ಸರದಿಯಲ್ಲಿ ಹಾಕಲು ಶುರು ಮಾಡಿದ್ದರು. 1946ರ ಫೆಬ್ರವರಿ 27ರಂದು ನೌಕಾಪಡೆ ತನ್ನ ಎಲ್ಲ ಕೆಲಸಗಳಲ್ಲೂ ಬಣ್ಣದ ಬೇಲಿ ತೆಗೆಯುವ ಆದೇಶ ಹೊರಡಿಸಿತು. ಅಧ್ಯಕ್ಷ ಟ್ರೂಮನ್ ಇಡೀ ಸೇನೆಗೆ ಅಂಥದ್ದೇ ಆದೇಶ ಕೊಟ್ಟಿದ್ದು 1948ರ ಜುಲೈ 26ರಂದು. ಪೋರ್ಟ್ ಶಿಕಾಗೋ ಒಂದೇ ಇದಕ್ಕೆ ಕಾರಣ ಅಂದರೆ ಜಾಸ್ತಿ ಆಗುತ್ತದೆ. ಆದರೆ ಒಂದೇ ಬಣ್ಣದವರನ್ನು ಒಂದೇ ಕೆಲಸಕ್ಕೆ ಗುಡ್ಡೆ ಹಾಕಿದರೆ ಏನಾಗುತ್ತದೆ ಎಂದು ನೌಕಾಪಡೆ ಕಣ್ಣಾರೆ ಕಂಡಿತ್ತಂತೂ ನಿಜ.

ಬಿಡುಗಡೆಯಾದವರಲ್ಲಿ ಹೆಚ್ಚಿನವರು ಈ ವಿಷಯ ಮನೆಯಲ್ಲೂ ಎತ್ತಲಿಲ್ಲ. 'ದಂಗೆಕೋರ' ಅನ್ನುವ ಪದ ಹೊತ್ತು ಕೆಲಸ ಹುಡುಕಬೇಕಿತ್ತಲ್ಲ. 1999ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರಲ್ಲೊಬ್ಬರಾದ ಫ್ರೆಡ್ಡಿ ಮೀಕ್ಸ್ ಅವರಿಗೆ ಕ್ಷಮೆ ಕೊಟ್ಟರು. ಜೋ ಸ್ಮಾಲ್ ಥರದವರು ಕ್ಷಮೆ ಕೇಳಲು ಒಪ್ಪಿರಲಿಲ್ಲ. ಕ್ಷಮೆ ಕೇಳಿದರೆ ತಪ್ಪು ಮಾಡಿದೆ ಅಂತ ಒಪ್ಪಿಕೊಂಡ ಹಾಗೆ ಅನ್ನುವುದು ಅವರ ವಾದ. ಇಬ್ಬರಲ್ಲಿ ಯಾರು ಸರಿ ಅಂತ ಹೇಳುವುದು ನನಗೆ ಕಷ್ಟ. ಒಬ್ಬರಿಗೆ ಸಾಯುವ ಮೊದಲು ಹೆಸರು ತೊಳೆದುಕೊಳ್ಳಬೇಕಿತ್ತು. ಇನ್ನೊಬ್ಬರಿಗೆ ಆ ಹೆಸರೇ ತಮ್ಮದಲ್ಲ ಅನ್ನಬೇಕಿತ್ತು.

2024ರ ಜುಲೈ 17ರಂದು, ಸ್ಫೋಟಕ್ಕೆ ಸರಿಯಾಗಿ 80 ವರ್ಷ ತುಂಬಿದ ದಿನ, ನೌಕಾ ಕಾರ್ಯದರ್ಶಿ ಕಾರ್ಲೋಸ್ ಡೆಲ್ ಟೋರೊ 256 ಜನರ ಮೇಲಿನ ತೀರ್ಪುಗಳನ್ನು ರದ್ದು ಮಾಡಿದರು. ಇನ್ನಿಬ್ಬರದು ಮೊದಲೇ ರದ್ದಾಗಿತ್ತು. ನೌಕಾಪಡೆಯ ವಕೀಲರೇ ತಪ್ಪುಗಳನ್ನು ಹುಡುಕಿ ಕೊಟ್ಟಿದ್ದರು. ಒಬ್ಬರ ಹಿತ ಇನ್ನೊಬ್ಬರಿಗೆ ಅಡ್ಡ ಬರುವಾಗಲೂ ಎಲ್ಲರನ್ನೂ ಒಟ್ಟಿಗೆ ವಿಚಾರಣೆ ಮಾಡಿದ್ದು ತಪ್ಪು. ಸರಿಯಾದ ವಕೀಲರ ನೆರವು ಸಿಗದೆ ಹೋದದ್ದು ತಪ್ಪು. ಸ್ಫೋಟದ ತನಿಖಾ ವರದಿ ಪಕ್ಕಾ ಆಗುವ ಮೊದಲೇ ಕೋರ್ಟ್ ನಡೆಸಿದ್ದೂ ತಪ್ಪು. ಆ ವರದಿಯಲ್ಲಿ ಮದ್ದುಗುಂಡು ತುಂಬುವ ರೀತಿ ಸುಧಾರಿಸಲು 19 ಸಲಹೆಗಳಿದ್ದವು. ಹುಡುಗರು ಭಯ ಅಂದದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿರಲಿಲ್ಲ. ಇದನ್ನು ಕೇಳಲು 256 ಜನರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಪೋರ್ಟ್ ಶಿಕಾಗೋ ಊರೂ ಈಗ ಇಲ್ಲ. ಮದ್ದುಗುಂಡಿನ ಹತ್ತಿರ ಜನ ಇರುವುದು ಅಪಾಯ ಎಂದು 1968ರಲ್ಲಿ ಸರ್ಕಾರ ಮನೆಗಳನ್ನೆಲ್ಲ ಕೊಂಡು ಕೆಡವಿತು. ಜೆಟ್ಟಿ ಇದ್ದ ಜಾಗದಲ್ಲಿ 1994ರಲ್ಲಿ ಸ್ಮಾರಕ ಆಯಿತು, ಸತ್ತವರ ಹೆಸರುಗಳು ಕಲ್ಲಿನ ಮೇಲಿವೆ. ನೋಡಬೇಕಾದರೆ ಮೊದಲೇ ಹೆಸರು ಕೊಟ್ಟು ಒಪ್ಪಿಗೆ ಪಡೆಯಬೇಕು. ಯಾಕೆಂದರೆ ಅದು ಇವತ್ತಿಗೂ ಸೇನೆಯ ನೆಲೆ, ಹಡಗುಗಳಿಗೆ ಈಗಲೂ ಅಲ್ಲಿ ಮದ್ದುಗುಂಡು ತುಂಬುತ್ತಾರೆ. ಆ ಕೆಲಸಕ್ಕೆ ಅಡ್ಡಿಯಾಗುವಂತಿದ್ದರೆ ಅವತ್ತಿನ ಭೇಟಿ ರದ್ದು.